ಒಂದೇ ಬೇಸಗೆಯ ಎರಡು ತೀರ್ಮಾನಗಳು

ಪರರಾಷ್ಟ್ರ ವ್ಯವಹಾರಗಳನ್ನು ಕುರಿತು ಬರೆಯುವ ವಿಮರ್ಶಕರು ಸಾಮಾನ್ಯವಾಗಿ ಭೂಪಟವನ್ನು ಮುಂದೆ ಹರಡಿಕೊಂಡೇ ಮಾತಿಗೆ ತೊಡಗುತ್ತಾರೆ. ಯಾವ ರಾಷ್ಟ್ರದ ಕೈ ಮೇಲಾಯಿತು, ಯಾರ ಎಣ್ಣೆಯ ಕೊಳವೆ ಯಾವ ಕಣಿವೆಯನ್ನು ಹಾದುಹೋಯಿತು, ಯಾವ ದೊಡ್ಡ ರಾಷ್ಟ್ರ ಯಾವ ಚಿಕ್ಕ ರಾಷ್ಟ್ರಕ್ಕೆ ಆಯುಧ ಮಾರಿತು - ಇವು ಅವರ ಪ್ರಶ್ನೆಗಳು. ಈ ಪ್ರಶ್ನೆಗಳು ಬೇಡವೆಂದು ಯಾರೂ ಹೇಳಲಾರರು. ಆದರೆ ಭೂಪಟದ ಗೆರೆಗಳ ನಡುವೆ ಸಿಕ್ಕಿಕೊಂಡಿರುವ ಅಲ್ಪಸಂಖ್ಯಾತ ಜನರು ಅವರ ಬರಹಗಳಲ್ಲಿ ಕಾಣಿಸಿಕೊಳ್ಳುವುದು ಬಹುಮಟ್ಟಿಗೆ ಕೊನೆಯ ಪ್ಯಾರಾದಲ್ಲಿ. ಅದೂ ನಿರಾಶ್ರಿತರ ಒಂದು ಸಂಖ್ಯೆಯಾಗಿ. ಎರಡು ಕೋಣಗಳು ಕಾದಾಡಿದರೆ ನಡುವಣ ಗಿಡಕ್ಕೆ ಕೇಡು ಎಂಬುದನ್ನು ನಮ್ಮ ಹಳ್ಳಿಯ ಜನರೂ ಬಲ್ಲರು. ಕೋಣಗಳ ಬಲಾಬಲವನ್ನು ಅಳೆಯುವವರು ಬೇಕಾದಷ್ಟು ಮಂದಿ ಇದ್ದಾರೆ. ಗಿಡದ ಸುತ್ತ ನಿಲ್ಲುವಂಥ ಬೇಲಿ ಯಾವುದು ಎಂಬುದನ್ನು ತುಸು ವಿಚಾರಿಸಿ ನೋಡುವುದೇ ಈ ಲೇಖನದ ಉದ್ದೇಶ.

ಈ ವಿಚಾರಕ್ಕೆ ಚರಿತ್ರೆಯೇ ಒಂದು ಅಪೂರ್ವವಾದ ಹೋಲಿಕೆಯನ್ನು ಒದಗಿಸಿಕೊಟ್ಟಿದೆ. ೧೯೨೧ರಲ್ಲಿ, ನಮ್ಮಲ್ಲಿ ಮುಂಗಾರು ಇಳಿಯುವ ಹಾಗೂ ಯೂರೋಪಿನಲ್ಲಿ ಬೇಸಗೆಯಾಗಿರುವ ದಿನಗಳಲ್ಲಿ, ಕೇವಲ ಹನ್ನೊಂದು ದಿನಗಳ ಅಂತರದಲ್ಲಿ, ಎರಡು ಬೇರೆಬೇರೆ ಸಭೆಗಳು ಸುಮಾರಾಗಿ ಒಂದೇ ಪ್ರಶ್ನೆಯನ್ನು ಕುರಿತು ತೀರ್ಮಾನ ಮಾಡಿದವು. ಒಂದು ರಾಷ್ಟ್ರದ ಎಲ್ಲೆಯೊಳಗೆ ನೆರೆಯ ರಾಷ್ಟ್ರದ ಭಾಷೆಯನ್ನಾಡುವ ಜನ ಗುಂಪಾಗಿ ನೆಲಸಿದ್ದಾರೆ. ಆ ನೆಲ ಯಾರಿಗೆ ಸೇರಬೇಕು? ಇದು ಪ್ರಶ್ನೆ. ನೆಲ ಈಗಿನ ರಾಷ್ಟ್ರದಲ್ಲಿಯೇ ಉಳಿಯಲಿ, ಜನರಿಗೆ ಸ್ವಯಮಾಡಳಿತ ದೊರೆಯಲಿ - ಇದು ಎರಡು ಸಭೆಗಳೂ ಕೊಟ್ಟ ಉತ್ತರ. ಒಂದು ಉತ್ತರ ನೂರು ವರ್ಷಗಳನ್ನು ದಾಟಿ ಇಂದಿಗೂ ಬಾಳುತ್ತಿದೆ. ಮತ್ತೊಂದು ೨೦೨೩ರ ಸೆಪ್ಟೆಂಬರಿನಲ್ಲಿ ಒಂದು ಜನಸಮುದಾಯವೇ ಮನೆಮಠಗಳನ್ನು ಬಿಟ್ಟು ಹೊರಟುಹೋಗುವುದರೊಂದಿಗೆ ಕೊನೆಗೊಂಡಿತು. ಉತ್ತರ ಒಂದೇ, ಫಲ ಮಾತ್ರ ಎರಡು. ಏತಕ್ಕೆ?

ಮೊದಲು ಓಲಾಂಡಿನ ಕಥೆಯನ್ನು ನೋಡೋಣ. ಓಲಾಂಡ್ ಎಂಬುದು ಸ್ವೀಡನ್ ಮತ್ತು ಫಿನ್ಲೆಂಡುಗಳ ನಡುವೆ ಬಾಲ್ಟಿಕ್ ಸಮುದ್ರದಲ್ಲಿರುವ ಸಾವಿರಾರು ಸಣ್ಣ ದ್ವೀಪಗಳ ಸಮೂಹ. ಈಗ ಅಲ್ಲಿರುವ ಜನ ಸುಮಾರು ೩೦,೦೦೦. ನಮ್ಮ ಒಂದು ಪುಟ್ಟ ಪಟ್ಟಣದಷ್ಟು. ಅವರಲ್ಲಿ ಹೆಚ್ಚಿನವರ ಮಾತೃಭಾಷೆ ಸ್ವೀಡಿಷ್. ೧೮೦೯ರಲ್ಲಿ ಸ್ವೀಡನ್ ಯುದ್ಧದಲ್ಲಿ ಸೋತು ಫಿನ್ಲೆಂಡನ್ನೂ ಈ ದ್ವೀಪಗಳನ್ನೂ ರಷ್ಯದ ಚಕ್ರವರ್ತಿಗೆ ಒಪ್ಪಿಸಿತು. ೧೯೧೭ರಲ್ಲಿ ರಷ್ಯದ ಸಾಮ್ರಾಜ್ಯ ಉರುಳಿ ಫಿನ್ಲೆಂಡ್ ಸ್ವತಂತ್ರವಾದಾಗ, ದ್ವೀಪದ ಜನ ತಮ್ಮನ್ನು ಮತ್ತೆ ಸ್ವೀಡನ್ನಿಗೆ ಸೇರಿಸಬೇಕೆಂದು ಮನವಿ ಮಾಡಿಕೊಂಡರು. ವಯಸ್ಕರಲ್ಲಿ ಬಹುಪಾಲು ಜನ ಆ ಮನವಿಗೆ ಸಹಿ ಹಾಕಿದ್ದರು. ಫಿನ್ಲೆಂಡ್ ಒಪ್ಪಲಿಲ್ಲ. ೧೯೨೦ರಲ್ಲಿ ಸ್ವಯಮಾಡಳಿತದ ಒಂದು ಕಾನೂನನ್ನು ಮಾಡಿತು; ಜನ ಅದನ್ನು ತಿರಸ್ಕರಿಸಿದರು. ಚಳುವಳಿಯ ಮುಂದಾಳುಗಳಾದ ಜೂಲಿಯಸ್ ಸುಂಡ್‌ಬ್ಲೂಮ್ ಮತ್ತು ಕಾರ್ಲ್ ಬ್ಯೋರ್ಕ್‌ಮನ್ ಎಂಬುವರನ್ನು ರಾಜದ್ರೋಹದ ಆಪಾದನೆಯ ಮೇಲೆ ಫಿನ್ಲೆಂಡ್ ಸರ್ಕಾರ ಬಂಧಿಸಿತು. ಎರಡು ರಾಷ್ಟ್ರಗಳ ನಡುವೆ ವೈಮನಸ್ಯ ಬೆಳೆಯಿತು.

ವಿವಾದ ಅಂದಿನ ರಾಷ್ಟ್ರಸಂಘದ ಮುಂದೆ ಬಂದಿತು. ೧೯೨೧ನೆಯ ಜೂನ್ ೨೪ರಂದು ಸಂಘದ ಮಂಡಲಿ ತನ್ನ ತೀರ್ಮಾನವನ್ನು ಕೊಟ್ಟಿತು: ದ್ವೀಪಗಳು ಫಿನ್ಲೆಂಡಿಗೆ ಸೇರಿದವು. ಇಷ್ಟಕ್ಕೇ ನಿಂತಿದ್ದರೆ ಅದು ಬಲಿಷ್ಠನ ಪರವಾದ ಮತ್ತೊಂದು ತೀರ್ಪಾಗುತ್ತಿದ್ದಿತು. ಆದರೆ ಮೂರು ದಿನಗಳ ತರುವಾಯ ಎರಡು ರಾಷ್ಟ್ರಗಳೂ ಸೇರಿ ಒಂದು ಒಪ್ಪಂದಕ್ಕೆ ಬಂದವು. ಸರ್ಕಾರದ ಶಾಲೆಗಳಲ್ಲಿ ಪಾಠ ಸ್ವೀಡಿಷ್ ಭಾಷೆಯಲ್ಲಿಯೇ ನಡೆಯಬೇಕು. ಹೊರಗಿನವನು ದ್ವೀಪದಲ್ಲಿ ಜಮೀನು ಕೊಂಡರೆ ಅದನ್ನು ಬಿಡಿಸಿಕೊಳ್ಳುವ ಹಕ್ಕು ದ್ವೀಪದವರಿಗೆ ಇರಬೇಕು. ಹೊಸದಾಗಿ ಬಂದು ನೆಲಸಿದವನಿಗೆ ಐದು ವರ್ಷ ಕಳೆದ ಮೇಲೆಯೇ ಸ್ಥಳೀಯ ಚುನಾವಣೆಯ ಮತ. ರಾಜ್ಯಪಾಲನನ್ನು ದ್ವೀಪದ ಶಾಸನಸಭೆಯ ಅಧ್ಯಕ್ಷನೊಡನೆ ಸಮಾಲೋಚಿಸಿ ನೇಮಿಸಬೇಕು. ಇವೆಲ್ಲ ಎಷ್ಟು ಸಣ್ಣ ಸಣ್ಣ ಸಂಗತಿಗಳು! ಶಾಲೆ, ಜಮೀನು, ಮತ. ಆದರೆ ಒಬ್ಬ ರೈತನ ಬಾಳು ನಿಂತಿರುವುದು ಈ ಸಣ್ಣ ಸಂಗತಿಗಳ ಮೇಲೆಯೇ ಅಲ್ಲವೆ? ಅದೇ ವರ್ಷದ ಅಕ್ಟೋಬರಿನಲ್ಲಿ ಹತ್ತು ರಾಷ್ಟ್ರಗಳು ಕೂಡಿ, ದ್ವೀಪಗಳಲ್ಲಿ ಯಾರೂ ಸೈನ್ಯವನ್ನಿಡಕೂಡದು, ಕೋಟೆ ಕಟ್ಟಕೂಡದು ಎಂದೂ ಒಪ್ಪಿಕೊಂಡವು.

೧೯೨೨ನೆಯ ಜೂನ್ ೯ರಂದು ದ್ವೀಪದ ಶಾಸನಸಭೆ ಮೊದಲ ಸಲ ಸೇರಿತು. ಅದರ ಮೊದಲನೆಯ ಅಧ್ಯಕ್ಷ ಯಾರು? ರಾಜದ್ರೋಹಿಯೆನಿಸಿದ್ದ ಸುಂಡ್‌ಬ್ಲೂಮ್. ಆಡಳಿತದ ಮೊದಲನೆಯ ಮುಖ್ಯಸ್ಥ? ಆತನ ಜತೆಯಲ್ಲಿ ಬಂಧಿತನಾಗಿದ್ದ ಬ್ಯೋರ್ಕ್‌ಮನ್. ನಿನ್ನೆ ಸೆರೆಗೆ ಕಳುಹಿಸಿದವರನ್ನು ಇಂದು ಪೀಠದಲ್ಲಿ ಕುಳ್ಳಿರಿಸಿ ಸಹಿಸಿಕೊಳ್ಳುವ ಶಕ್ತಿ ಫಿನ್ಲೆಂಡಿಗೆ ಇದ್ದಿತು. ಈ ಒಂದು ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ.

ಈಗ ಎರಡನೆಯ ತೀರ್ಮಾನಕ್ಕೆ ಬರೋಣ. ಕಪ್ಪು ಸಮುದ್ರಕ್ಕೂ ಕ್ಯಾಸ್ಪಿಯನ್ ಸಮುದ್ರಕ್ಕೂ ನಡುವೆ ಕಾಕಸಸ್ ಪರ್ವತಗಳ ಸೀಮೆ ಇದೆ. ಅಲ್ಲಿ ಆರ್ಮೇನಿಯ, ಅಜರ್‌ಬೈಜಾನ್ ಎಂಬ ಎರಡು ದೇಶಗಳು ಒಂದಕ್ಕೊಂದು ಅಂಟಿಕೊಂಡಿವೆ. ಕರಾಬಾಖ್ ಎಂಬ ಬೆಟ್ಟಸೀಮೆಯಲ್ಲಿ ಆ ಕಾಲಕ್ಕೆ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಆರ್ಮೇನಿಯನ್ನರು. ಉಳಿದವರು ಹೆಚ್ಚಾಗಿ ಅಜೆರಿಗಳು. 'ಕರಾ' ಎಂದರೆ ತುರ್ಕಿ ಭಾಷೆಯಲ್ಲಿ ಕಪ್ಪು. 'ಬಾಗ್' ಎಂದರೆ ಪಾರಸಿಯಲ್ಲಿ ತೋಟ, ನಮ್ಮ ಬೆಂಗಳೂರಿನ ಲಾಲ್‌ಬಾಗಿನ 'ಬಾಗ್' ಇದೇ. ಈ ಕಪ್ಪು ತೋಟ ಯಾರದೆಂಬುದನ್ನು ತೀರ್ಮಾನಿಸಲು ರಷ್ಯದ ಕಮ್ಯೂನಿಸ್ಟ್ ಪಕ್ಷದ ಕಾಕಸಸ್ ಸಮಿತಿ ೧೯೨೧ರ ಜುಲೈ ತಿಂಗಳಲ್ಲಿ ಸೇರಿತು. ಸ್ಟಾಲಿನ್ ಕೂಡ ಅಲ್ಲಿದ್ದನು. ಜುಲೈ ೪ರಂದು ಕರಾಬಾಖ್ ಆರ್ಮೇನಿಯಕ್ಕೆ ಎಂದು ನಿರ್ಣಯವಾಯಿತು. ಮರುದಿನವೇ ನಿರ್ಣಯ ತಲೆಕೆಳಗಾಗಿ, ಅದು ವಿಶಾಲವಾದ ಸ್ವಯಮಾಡಳಿತದೊಡನೆ ಅಜರ್‌ಬೈಜಾನಿನಲ್ಲಿ ಉಳಿಯಲಿ ಎಂದಾಯಿತು. ಎರಡು ವರ್ಷಗಳ ಬಳಿಕ, ೧೯೨೩ರಲ್ಲಿ, ಸ್ವಯಮಾಡಳಿತದ ಪ್ರಾಂತ್ಯ ಕಾಗದದ ಮೇಲೆ ಹುಟ್ಟಿಕೊಂಡಿತು.

ಮುಂದಿನ ಅರವತ್ತೈದು ವರ್ಷ ಸೋವಿಯತ್ ಒಕ್ಕೂಟದ ಮುಚ್ಚಳದಡಿಯಲ್ಲಿ ಅಸಮಾಧಾನ ಕುದಿಯುತ್ತಲೇ ಇದ್ದಿತು. ತಮ್ಮ ಭಾಷೆಗೆ, ತಮ್ಮ ಚರಿತ್ರೆಯ ಪಾಠಕ್ಕೆ ಎಡೆಯಿಲ್ಲವೆಂದು ಆರ್ಮೇನಿಯನ್ನರು ದೂರುತ್ತಿದ್ದರು. ೧೯೮೮ನೆಯ ಫೆಬ್ರವರಿ ೨೦ರಂದು ಪ್ರಾಂತ್ಯದ ಸಭೆ ತನ್ನನ್ನು ಆರ್ಮೇನಿಯಕ್ಕೆ ವರ್ಗಾಯಿಸಬೇಕೆಂದು ಗೊತ್ತುವಳಿ ಮಾಡಿತು. ಒಂದೇ ವಾರದೊಳಗೆ ಅಜರ್‌ಬೈಜಾನಿನ ಸುಮ್‌ಗಾಯಿತ್ ಪಟ್ಟಣದಲ್ಲಿ ಆರ್ಮೇನಿಯನ್ನರ ಕೊಲೆಗಳು ನಡೆದವು. ಆರ್ಮೇನಿಯದಲ್ಲಿದ್ದ ಅಜೆರಿಗಳು ಹಳ್ಳಿಹಳ್ಳಿಗಳನ್ನೇ ತೊರೆದು ಓಡಿದರು. ೧೯೯೧ರಲ್ಲಿ ಸೋವಿಯತ್ ಒಕ್ಕೂಟ ಒಡೆಯುತ್ತಿದ್ದಂತೆ, ನವೆಂಬರ್ ೨೬ರಂದು ಅಜರ್‌ಬೈಜಾನಿನ ಶಾಸನಸಭೆ ಆ ಸ್ವಯಮಾಡಳಿತವನ್ನೇ ರದ್ದುಮಾಡಿತು. ಡಿಸೆಂಬರ್ ೧೦ರಂದು ಕರಾಬಾಖಿನ ಆರ್ಮೇನಿಯನ್ನರು ಸ್ವಾತಂತ್ರ್ಯಕ್ಕಾಗಿ ಮತ ಹಾಕಿದರು. ಯುದ್ಧ ಹತ್ತಿಕೊಂಡಿತು. ೧೯೯೨ರ ಫೆಬ್ರವರಿಯಲ್ಲಿ ಖೊಜಾಲಿ ಎಂಬಲ್ಲಿ ನೂರಾರು ಮಂದಿ ಅಜೆರಿ ನಾಗರಿಕರು ಹತರಾದರು. ೧೯೯೪ರ ಮೇ ತಿಂಗಳಲ್ಲಿ ಕದನ ನಿಂತಾಗ ಆರ್ಮೇನಿಯನ್ನರ ಕೈ ಮೇಲಾಗಿದ್ದಿತು. ಕರಾಬಾಖ್ ಮಾತ್ರವಲ್ಲದೆ ಅದರ ಸುತ್ತಣ ಏಳು ಜಿಲ್ಲೆಗಳ ನೆಲವನ್ನೂ ಪೂರ್ತಿಯಾಗಿಯೋ ಭಾಗಶಃವಾಗಿಯೋ ಅವರು ಹಿಡಿದುಕೊಂಡಿದ್ದರು. ಅಲ್ಲಿಂದ ಐದು ಲಕ್ಷಕ್ಕೂ ಹೆಚ್ಚು ಅಜೆರಿಗಳು ನಿರಾಶ್ರಿತರಾಗಿ ಹೊರಟುಹೋಗಿದ್ದರು. ಗೆದ್ದವರು ತಮ್ಮ ಅಲ್ಪಸಂಖ್ಯಾತ ದುಃಖವನ್ನು ಬಲ್ಲವರು; ಆದರೂ ಸೋತವರ ದುಃಖ ಅವರ ಕಣ್ಣಿಗೆ ಬೀಳಲಿಲ್ಲ.

ಈ ಯುದ್ಧವನ್ನು ಕುರಿತು ಥಾಮಸ್ ಡಿ ವಾಲ್ ಎಂಬ ಬ್ರಿಟಿಷ್ ಪತ್ರಕರ್ತರು ೨೦೦೩ರಲ್ಲಿ 'ಬ್ಲ್ಯಾಕ್ ಗಾರ್ಡನ್' ಎಂಬ ಗ್ರಂಥವನ್ನು ಪ್ರಕಟಿಸಿದರು. ಅದನ್ನು ನಿಘಂಟಿನ ನೆರವಿನಿಂದ ನಾನು ಈ ವರ್ಷ ಓದಿದೆ. ಅವರ ಮುಖ್ಯವಾದ ಅಭಿಪ್ರಾಯ ಇದು: ಇದನ್ನು ಎರಡು ಜನಾಂಗಗಳ ಅನಾದಿಕಾಲದ ದ್ವೇಷವೆಂದು ಹೇಳುವುದು ತಪ್ಪು. ಇವರು ಬಹುಕಾಲ ಒಟ್ಟಿಗೆ ಬಾಳಿದವರು, ಒಟ್ಟಿಗೆ ವ್ಯಾಪಾರ ಮಾಡಿದವರು. ಯುದ್ಧದ ತರುವಾಯವೂ ಜಾರ್ಜಿಯ ದೇಶದ ಸದಾಖ್ಲೊ ಎಂಬ ಗಡಿಯ ಸಂತೆಯಲ್ಲಿ ಆರ್ಮೇನಿಯನ್ನರೂ ಅಜೆರಿಗಳೂ ಕೂಡಿ ಕೊಡುಕೊಳ್ಳುತ್ತಿದ್ದುದನ್ನು ಅವರು ಕಣ್ಣಾರೆ ಕಂಡು ಬರೆದಿದ್ದಾರೆ. ಈ ಮಾತು ನನಗೆ ಬಹಳ ಬೆಲೆಯುಳ್ಳದ್ದಾಗಿ ತೋರಿತು. ಏಕೆಂದರೆ 'ಅನಾದಿ ದ್ವೇಷ' ಎಂದೊಡನೆ ವಿಮರ್ಶಕನ ಕೆಲಸ ಮುಗಿಯಿತು. ಮಳೆ ಬಂದಂತೆ, ಬರ ಬಂದಂತೆ ಅದೂ ಒಂದು ಪ್ರಕೃತಿವಿಕೋಪವಾಯಿತು. ಯಾರೂ ಹೊಣೆಯಲ್ಲ, ಯಾರೂ ತಡೆಯಬಲ್ಲವರಲ್ಲ. ದ್ವೇಷ ಅನಾದಿಯಲ್ಲವೆಂದ ಮೇಲೆ ಅದು ಹುಟ್ಟಿದ ದಿನವನ್ನೂ ಹುಟ್ಟಿಸಿದ ಕಾರಣವನ್ನೂ ಹುಡುಕಬೇಕಾಗುತ್ತದೆ.

ನಾನು ಹುಡುಕಿದ ಮಟ್ಟಿಗೆ ಮುಖ್ಯ ಕಾರಣ ಭರವಸೆಯ ಅಭಾವ. ಇದಕ್ಕೆ ಲಾಚಿನ್ ದಾರಿಗಿಂತ ಸ್ಪಷ್ಟವಾದ ನಿದರ್ಶನ ಮತ್ತೊಂದಿಲ್ಲ. ೨೦೨೦ರ ಸೆಪ್ಟೆಂಬರ್ ೨೭ರಿಂದ ನಾಲ್ವತ್ತನಾಲ್ಕು ದಿನ ನಡೆದ ಎರಡನೆಯ ಯುದ್ಧದಲ್ಲಿ ಅಜರ್‌ಬೈಜಾನ್ ಗೆದ್ದಿತು. ಕರಾಬಾಖಿನ ಉಳಿದ ಭಾಗದಿಂದ ಆರ್ಮೇನಿಯಕ್ಕೆ ಹೋಗಲು ಲಾಚಿನ್ ಎಂಬಲ್ಲಿ ಐದು ಕಿಲೋಮೀಟರ್ ಅಗಲದ ಒಂದು ಓಣಿ ಮಾತ್ರ ಉಳಿಯಿತು. ಅದನ್ನು ಕಾಯಲು ೧,೯೬೦ ಮಂದಿ ರಷ್ಯನ್ ಸೈನಿಕರು ಬಂದರು. ೨೦೨೨ರ ಡಿಸೆಂಬರ್ ೧೨ರಂದು ಆ ದಾರಿಗೆ ತಡೆಬಿದ್ದಿತು. ಆಹಾರ, ಔಷಧ, ಇಂಧನಗಳಿಗೆ ದಿನದಿನಕ್ಕೂ ಅಭಾವವಾಯಿತು. ೨೦೨೩ರ ಫೆಬ್ರವರಿ ೨೨ರಂದು ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯವು, ಜನರೂ ಸರಕೂ ಅಡ್ಡಿಯಿಲ್ಲದೆ ಓಡಾಡುವಂತೆ ಕೈಲಾದ ಎಲ್ಲ ಕ್ರಮಗಳನ್ನೂ ಕೈಗೊಳ್ಳಬೇಕೆಂದು ಅಜರ್‌ಬೈಜಾನಿಗೆ ಆಜ್ಞೆಮಾಡಿತು. ಆಜ್ಞೆ ಹೇಗಿನಲ್ಲಿ ಉಳಿಯಿತು, ದಾರಿ ತೆರೆಯಲಿಲ್ಲ. ರಷ್ಯದ ಕಣ್ಣು ಆಗ ಉಕ್ರೇನಿನ ರಣರಂಗದ ಮೇಲಿದ್ದಿತು.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನಮ್ಮ ತಂದೆಯವರು ಓದುಬರಹ ಬಲ್ಲವರಲ್ಲ. ಆದರೆ ಹೊಲದ ವ್ಯಾಜ್ಯಗಳನ್ನು ಚೆನ್ನಾಗಿ ಬಲ್ಲರು. ಲಾಚಿನ್ನಿನ ಸಂಗತಿಯನ್ನು ಅವರಿಗೆ ವಿವರಿಸಿದಾಗ ಅವರು ಹೇಳಿದ್ದು ಇಷ್ಟೆ: "ಪತ್ರ ಇದ್ರೆ ಏನಪ್ಪಾ ಬಂತು? ಬಂಡಿ ಹೋಗೋಕೆ ದಾರಿ ಬಿಡದೆ ಹೋದ್ರೆ, ಆ ಹೊಲ ಪಕ್ಕದೋನು ಕೊಟ್ಟಷ್ಟು ದಿನ ತಾನೆ?" ಅಂತರರಾಷ್ಟ್ರೀಯ ನ್ಯಾಯದ ಒಂದು ದೊಡ್ಡ ಸಮಸ್ಯೆಯನ್ನು ಇದಕ್ಕಿಂತ ಚಿಕ್ಕದಾಗಿ ಹೇಳುವುದು ನನಗಂತೂ ಸಾಧ್ಯವಿಲ್ಲ.

ಕೊನೆಗೆ ೨೦೨೩ರ ಸೆಪ್ಟೆಂಬರ್ ೧೯ರಂದು ಅಜರ್‌ಬೈಜಾನಿನ ಸೈನ್ಯ ಏರಿಬಂದಿತು. ಮರುದಿನವೇ ಕರಾಬಾಖಿನವರು ಶಸ್ತ್ರ ಕೆಳಗಿಟ್ಟರು. ಬಳಿಕ ಸುಮಾರು ಒಂದು ವಾರದಲ್ಲಿ ಒಂದು ಲಕ್ಷಕ್ಕೂ ಮಿಕ್ಕ ಜನ, ಎಂದರೆ ಅಲ್ಲಿದ್ದ ಆರ್ಮೇನಿಯನ್ನರು ಹೆಚ್ಚುಕಡಮೆ ಎಲ್ಲರೂ, ಅದೇ ಲಾಚಿನ್ ದಾರಿಯಲ್ಲಿ ಹೊರಟುಹೋದರು. ಕೆಲವು ಗಂಟೆಗಳ ದಾರಿಗೆ ಒಂದು ದಿನಕ್ಕೂ ಹೆಚ್ಚು ಹಿಡಿಯಿತು. ಹೊರಡುವವರು ಇಂಧನಕ್ಕಾಗಿ ನೆರೆದಿದ್ದ ಕಡೆ ಉಗ್ರಾಣ ಸಿಡಿದು ೨೦೦ಕ್ಕೂ ಹೆಚ್ಚು ಮಂದಿ ಸತ್ತರು. ಮುಂದಾಳುಗಳು ಬಾಕು ನಗರದ ಸೆರೆಮನೆಗೆ ಹೋದರು. ಓಲಾಂಡಿನ ಮುಂದಾಳುಗಳು ಸೆರೆಯಿಂದ ಶಾಸನಸಭೆಗೆ ಹೋದುದನ್ನು ವಾಚಕರು ಇಲ್ಲಿ ನೆನೆಯಬಹುದು.

ಈ ಹೋಲಿಕೆಗೆ ಆಕ್ಷೇಪಣೆಗಳು ಇಲ್ಲದಿಲ್ಲ. ಸ್ವೀಡನ್, ಫಿನ್ಲೆಂಡುಗಳು ಪ್ರಜಾಪ್ರಭುತ್ವದ ರಾಷ್ಟ್ರಗಳು. ಸೋವಿಯತ್ ಒಕ್ಕೂಟ ಹಾಗಲ್ಲ. ಓಲಾಂಡಿನ ಸುತ್ತ ಸಮುದ್ರವೇ ಬೇಲಿಯಾಗಿದೆ. ಕರಾಬಾಖಿನಲ್ಲಿ ಎರಡು ಜನಗಳ ಊರುಗಳು ಹೆಣೆದುಕೊಂಡಿದ್ದವು. ಶೂಷಾ ಎಂಬ ಪಟ್ಟಣವಂತೂ ಇಬ್ಬರಿಗೂ ಪ್ರಿಯವಾದದ್ದು. ಓಲಾಂಡಿನ ವಿವಾದದಲ್ಲಿ ಎರಡು ಜನಗಳು ಕಾದಾಡಿ ರಕ್ತ ಹರಿಸಿರಲಿಲ್ಲ. ಇವೆಲ್ಲವೂ ನಿಜ. ಆದರೆ ಈ ವ್ಯತ್ಯಾಸಗಳು ನನ್ನ ವಾದವನ್ನು ಕೆಡಿಸುವುದಕ್ಕಿಂತ ಹೆಚ್ಚಾಗಿ ಬಲಪಡಿಸುತ್ತವೆಯೆಂದು ತೋರುತ್ತದೆ. ಕಷ್ಟದ ನೆಲದಲ್ಲಿ ಬೇಲಿ ಇನ್ನೂ ಗಟ್ಟಿಯಾಗಿರಬೇಕಾಗಿದ್ದಿತು. ಅಲ್ಲಿಯೇ ಅದು ಅತ್ಯಂತ ಸಡಿಲವಾಗಿದ್ದಿತು.

ಇಲ್ಲಿ ಒಂದು ಸ್ವಾರಸ್ಯವನ್ನು ಗಮನಿಸಬೇಕು. ಓಲಾಂಡಿಗೆ ಭರವಸೆ ಕೊಟ್ಟ ರಾಷ್ಟ್ರಸಂಘ ೧೯೪೬ರಲ್ಲಿ ಮುಚ್ಚಿಹೋಯಿತು. ಭರವಸೆಯೂ ಅದರೊಡನೆ ಸಾಯಬೇಕಾಗಿದ್ದಿತು. ಸಾಯಲಿಲ್ಲ. ಫಿನ್ಲೆಂಡ್ ಅದನ್ನು ತನ್ನದೇ ಕಾನೂನಾಗಿ ಮಾಡಿಕೊಂಡಿದ್ದುದೇ ಇದಕ್ಕೆ ಕಾರಣ. ೧೯೫೧ರಲ್ಲಿ ಒಮ್ಮೆ, ೧೯೯೧ರಲ್ಲಿ ಮತ್ತೊಮ್ಮೆ ಸ್ವಯಮಾಡಳಿತದ ಶಾಸನ ಇನ್ನಷ್ಟು ವಿಸ್ತಾರಗೊಂಡಿತು. ದ್ವೀಪದ ಶಾಸನಸಭೆ ಒಪ್ಪದೆ ಅದನ್ನು ಬದಲಾಯಿಸುವಂತಿಲ್ಲ. ೧೯೯೫ರಲ್ಲಿ ಫಿನ್ಲೆಂಡ್ ಯೂರೋಪಿಯನ್ ಒಕ್ಕೂಟವನ್ನು ಸೇರಿದಾಗಲೂ ಓಲಾಂಡಿನ ಜಮೀನಿನ ಕಟ್ಟುಪಾಡುಗಳನ್ನು ಉಳಿಸಿಕೊಂಡೇ ಸೇರಿತು. ಕರಾಬಾಖಿನಲ್ಲಾದರೋ ಭರವಸೆ ಯಾವಾಗಲೂ ಹೊರಗಿನವನ ಕೈಯಲ್ಲಿದ್ದಿತು. ಮೊದಲು ಮಾಸ್ಕೋ ನಗರದ ಪಕ್ಷ, ಆಮೇಲೆ ಆರ್ಮೇನಿಯದ ಸೈನ್ಯ, ಕಡೆಗೆ ರಷ್ಯದ ಕಾವಲು. ರಷ್ಯ, ಫ್ರಾನ್ಸ್, ಅಮೆರಿಕಗಳು ಅಧ್ಯಕ್ಷತೆ ವಹಿಸಿದ್ದ ಮಿನ್‌ಸ್ಕ್ ಬಳಗ ವರ್ಷಗಟ್ಟಲೆ ಸಂಧಾನ ನಡೆಸಿತು; ಫಲ ದೊರೆಯಲಿಲ್ಲ; ೨೦೨೫ರಲ್ಲಿ ಅದನ್ನು ಮುಚ್ಚುವ ನಿರ್ಣಯವೇ ಆಯಿತು. ಅದೇ ವರ್ಷದ ಆಗಸ್ಟ್ ೮ರಂದು ವಾಷಿಂಗ್‌ಟನ್ನಿನಲ್ಲಿ ಎರಡು ರಾಷ್ಟ್ರಗಳ ಮಂತ್ರಿಗಳು ಶಾಂತಿಪತ್ರದ ಕರಡಿಗೆ ಪ್ರಾಥಮಿಕವಾಗಿ ಸಹಿ ಹಾಕಿದರು. ರಾಷ್ಟ್ರಗಳ ನಡುವೆ ಶಾಂತಿ ಬರುವುದು ಸಂತೋಷದ ವಿಷಯವೇ. ಆದರೆ ಯಾರ ಸಲುವಾಗಿ ಜಗಳ ಮೊದಲಾಯಿತೋ ಆ ಜನರೇ ಆ ನೆಲದಲ್ಲಿ ಈಗ ಇಲ್ಲ.

ಬೆರಗುಗೊಳಿಸುವ ಮಾತೆಂದರೆ, ಇದನ್ನೆಲ್ಲ ೧೯೨೧ರಲ್ಲಿಯೇ ಕೆಲವರು ಮನಗಂಡಿದ್ದರು. ಓಲಾಂಡನ್ನು ಕುರಿತು ವರದಿಮಾಡಿದ ರಾಷ್ಟ್ರಸಂಘದ ಆಯೋಗ ಒಂದು ಸೂತ್ರವನ್ನು ಹೇಳಿದ್ದಿತು. ಅದರ ಭಾವ ಹೀಗಿದೆ: ಅಲ್ಪಸಂಖ್ಯಾತರನ್ನು ಒಂದು ರಾಷ್ಟ್ರದಿಂದ ಬಿಡಿಸಿ ಮತ್ತೊಂದಕ್ಕೆ ಸೇರಿಸುವುದು ಕಟ್ಟಕಡೆಯ ಉಪಾಯ; ನ್ಯಾಯವಾದ ಭರವಸೆಗಳನ್ನು ಕೊಟ್ಟು ನಡೆಸುವ ಮನಸ್ಸಾಗಲಿ ಶಕ್ತಿಯಾಗಲಿ ಆ ರಾಷ್ಟ್ರಕ್ಕೆ ಇಲ್ಲವಾದಾಗ ಮಾತ್ರ ಅದನ್ನು ಯೋಚಿಸಬೇಕು. ಮನಸ್ಸು ಮತ್ತು ಶಕ್ತಿ - ಈ ಎರಡು ಪದಗಳನ್ನು ಹಿಡಿದು ನೋಡುವ ವಿಮರ್ಶಕನಿಗೆ ಯುದ್ಧಕ್ಕಿಂತ ಮುಂಚೆಯೇ ಅಪಾಯ ಕಾಣಿಸೀತು. ಶಾಲೆಯ ಭಾಷೆ ಯಾವುದು? ಜಮೀನು ಯಾರ ಕೈಗೆ ಹೋಗುತ್ತಿದೆ? ದಾರಿಯ ಬೀಗ ಯಾರ ಬಳಿ ಇದೆ? ಬಹುಸಂಖ್ಯಾತರು ಕೊಟ್ಟ ಮಾತನ್ನು ತಮ್ಮದೇ ಕಾನೂನೆಂದು ತಿಳಿದಿದ್ದಾರೆಯೋ, ಹೊರಗಿನವರ ಬಲವಂತವೆಂದೋ? ಸೈನ್ಯಗಳ ಎಣಿಕೆಗಿಂತ ಈ ಪ್ರಶ್ನೆಗಳು ಮೊದಲು ಬರಬೇಕು.

ಇಷ್ಟು ದೂರದ ದೇಶಗಳ ವಿಚಾರ ನಮಗೇಕೆ ಎಂದು ಕೇಳುವ ಗೆಳೆಯರಿದ್ದಾರೆ. ಅಲ್ಪಸಂಖ್ಯಾತನೆಂಬುವನು ಬೇರೊಂದು ಜಾತಿಯ ಮನುಷ್ಯನಲ್ಲ. ಗೆರೆ ಎಳೆದ ಕಡೆ ನಿಂತವನು, ಅಷ್ಟೆ. ೧೯೫೬ನೆಯ ನವೆಂಬರ್ ೧ರಂದು ಭಾಷಾವಾರು ಪ್ರಾಂತಗಳಾದಾಗ ಮೈಸೂರಿನ ಕನ್ನಡಿಗ ಬಹುಸಂಖ್ಯಾತನಾದನು. ಅದೇ ದಿನ ಕಾಸರಗೋಡಿನ ಕನ್ನಡಿಗ ಕೇರಳದಲ್ಲಿ ಅಲ್ಪಸಂಖ್ಯಾತನಾದನು. ನಮ್ಮ ನಾಡಿನೊಳಗೂ ಉರ್ದು, ಮರಾಠಿ, ತೆಲುಗು, ತಮಿಳುಗಳನ್ನು ಮನೆಯಲ್ಲಾಡುವವರಿದ್ದಾರೆ. ಯಾವ ಸೈನ್ಯದ ಭಯವೂ ಇಲ್ಲದ ನಮ್ಮ ಸ್ಥಿತಿಯನ್ನು ಕರಾಬಾಖಿನೊಡನೆ ಹೋಲಿಸುವುದು ಅನ್ಯಾಯವಾದೀತು. ಆದರೆ ಓಲಾಂಡಿನ ಪಾಠ ನಮಗೆ ಸಲ್ಲುತ್ತದೆ. ಅದೇ ವರ್ಷ ನಮ್ಮ ಸಂವಿಧಾನಕ್ಕೆ ೩೫೦ಎ ಎಂಬ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಶಿಕ್ಷಣ ಮಾತೃಭಾಷೆಯಲ್ಲಿ ದೊರೆಯುವಂತೆ ಪ್ರಯತ್ನಿಸಬೇಕೆಂದು ಅದು ವಿಧಿಸುತ್ತದೆ. ಕಾಸರಗೋಡಿನ ಶಾಲೆಗೆ ಕನ್ನಡ ಬಲ್ಲ ಮೇಷ್ಟ್ರು ಬೇಕೆಂದು ನಾವು ಕೇಳುವುದು ಎಷ್ಟು ನ್ಯಾಯವೋ, ನಮ್ಮ ಊರಿನ ಉರ್ದು ಶಾಲೆಗೆ, ಗಡಿಯ ಮರಾಠಿ ಶಾಲೆಗೆ ಮೇಷ್ಟ್ರನ್ನು ಕೇಳುವುದೂ ಅಷ್ಟೇ ನ್ಯಾಯ. ಒಂದನ್ನು ಕೇಳಿ ಮತ್ತೊಂದನ್ನು ಮರೆತರೆ, ೧೯೯೪ರಲ್ಲಿ ಗೆದ್ದವರು ಮಾಡಿದುದನ್ನೇ ನಾವೂ ಸಣ್ಣ ಪ್ರಮಾಣದಲ್ಲಿ ಮಾಡಿದಂತಾಗುತ್ತದೆ.

ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು ಎಂದು ನಮ್ಮ ಹಿರಿಯರು ಕೇಳುತ್ತಿದ್ದರು. ಓಲಾಂಡಿನ ಚರಿತ್ರೆ ಅದಕ್ಕೆ ಒಂದು ಉತ್ತರವನ್ನು ಕೊಟ್ಟಿದೆ: ಹೊಲದವನೂ ನೆರೆಯವನೂ ಕೂಡಿ ನೆಟ್ಟ ಬೇಲಿ, ಹೊರಗಿನ ಕಾವಲುಗಾರ ಹೊರಟುಹೋದ ಮೇಲೂ ನಿಲ್ಲುತ್ತದೆ. ನಾಳೆ ನಮ್ಮಲ್ಲಿ ಕೆಲವರು ಪತ್ರಿಕೆಗಳಿಗೆ ಬರೆಯಬಹುದು, ಕೆಲವರು ಸರ್ಕಾರದ ಕಚೇರಿಗಳಲ್ಲಿ ಕುಳಿತುಕೊಳ್ಳಬಹುದು, ಬಹುಮಂದಿ ಮೇಷ್ಟ್ರುಗಳಾಗಬಹುದು. ಎಲ್ಲಿದ್ದರೂ, ಸಂಖ್ಯೆಯಲ್ಲಿ ಕಡಮೆಯಾದವರಿಗೆ ಕೊಟ್ಟ ಮಾತು ನಡೆಯುತ್ತಿದೆಯೆ ಎಂದು ಶಾಂತಿಯ ಕಾಲದಲ್ಲಿಯೇ ಕೇಳುವ ಅಭ್ಯಾಸ ನಮಗಿರಲಿ.